ಬಯಲುಸೀಮೆಯ ಮನೆಯಂಗಳದಲ್ಲಿ ಪುಟ್ಟ ಫಲೆನಾಪ್ಸಿಸ್ ಆರ್ಕಿಡ್: ಆಯ್ಕೆಯಿಂದ ಕಂದು (ಮರಿಗಿಡ) ಬೇರ್ಪಡಿಸುವವರೆಗೆ ಸಮಗ್ರ ಮಾರ್ಗದರ್ಶಿ

ಶಿಡ್ಲಘಟ್ಟದಂಥ ಒಣ ಊರಿನಲ್ಲಿ ಆರ್ಕಿಡ್ ಬೆಳೆಯಬಹುದೇ ಎಂದು ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಮಲೆನಾಡಿನ ಮಳೆ, ಪಾಚಿ ಹಿಡಿದ ಮರ, ಅದಕ್ಕೆ ತಬ್ಬಿಕೊಂಡ ಸೀತಾಳೆ ದಂಡೆಯ ಚಿತ್ರವಿರುತ್ತದೆ. ಆ ಚಿತ್ರ ತಪ್ಪಲ್ಲ. ಆದರೆ ಒಂದು ಬೊಗಸೆಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಬೆಚ್ಚಗಿನ ಹವೆಯನ್ನು ಬಯಸುವ ಫಲೆನಾಪ್ಸಿಸ್ ಈಕ್ವೆಸ್ಟ್ರಿಸ್ ಎಂಬ ಪ್ರಭೇದವನ್ನು ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ಮನೆಯಂಗಳದಲ್ಲಿ ವರ್ಷಗಟ್ಟಲೆ ಆರೋಗ್ಯವಾಗಿ ಇಟ್ಟುಕೊಳ್ಳಬಹುದು ಎಂಬುದನ್ನು ನಾನು ನಮ್ಮ ಮನೆಯ ಉತ್ತರದ ಜಗುಲಿಯಲ್ಲಿ ಕಂಡಿದ್ದೇನೆ. ಅದಕ್ಕೆ ಬೇಕಾದ ಅರ್ಧ ವಿದ್ಯೆ ನಮ್ಮೂರಿನ ರೇಷ್ಮೆ ಸಾಕಣೆ ಮನೆಗಳಲ್ಲಿ ಆಗಲೇ ಇದೆ.

ಗಿಡದ ಸ್ವಭಾವ

ಈ ಗಿಡದ ತವರು ಫಿಲಿಪ್ಪೀನ್ಸ್ ಮತ್ತು ತೈವಾನಿನ ದ್ವೀಪಗಳು. 1843ರಲ್ಲಿ ಶೌವರ್ ಎಂಬ ಸಸ್ಯಶಾಸ್ತ್ರಜ್ಞರು ಇದನ್ನು ಮೊದಲು ಬೇರೆ ಕುಲದ ಹೆಸರಿನಲ್ಲಿ ವರ್ಣಿಸಿದರು. ಬಳಿಕ ಇದು ಫಲೆನಾಪ್ಸಿಸ್ ಕುಲಕ್ಕೆ ಸೇರಿತು. 1886ರಲ್ಲಿ ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ ಜಾನ್ ಸೆಡೆನ್ ಅವರು ಮಾಡಿದ ಮೊತ್ತಮೊದಲ ಫಲೆನಾಪ್ಸಿಸ್ ಸಂಕರಕ್ಕೆ ಇದೇ ಒಂದು ಪೋಷಕ. ಇಂದು ಅಂಗಡಿಗಳಲ್ಲಿ ಸಿಗುವ, ಒಂದೇ ದಂಟಿನಲ್ಲಿ ಹತ್ತಾರು ಸಣ್ಣ ಹೂ ಬಿಡುವ ಮಿನಿ ಫಲೆನಾಪ್ಸಿಸ್‌ಗಳಲ್ಲಿ ಹೆಚ್ಚಿನವುಗಳ ಮೈಯಲ್ಲಿ ಈ ಪುಟ್ಟ ಗಿಡದ ರಕ್ತ ಹರಿಯುತ್ತಿದೆ.

ಗಿಡದಲ್ಲಿ ಮೂರರಿಂದ ಐದು ದಪ್ಪ ಎಲೆಗಳಿರುತ್ತವೆ, ಎಲೆಯ ಉದ್ದ ಸಾಮಾನ್ಯವಾಗಿ ಒಂದು ಗೇಣನ್ನು ಮೀರುವುದಿಲ್ಲ. ಹೂದಂಟು ನೇರಳೆ ಬಣ್ಣದ್ದು, ಸುಮಾರು 30 ಸೆಂ.ಮೀ. ಉದ್ದ. ಹೂಗಳು ಎರಡರಿಂದ ಮೂರು ಸೆಂ.ಮೀ. ಅಗಲವಿದ್ದು ತಿಳಿ ಗುಲಾಬಿ ಬಣ್ಣದಲ್ಲಿರುತ್ತವೆ, ನಡುವಿನ ತುಟಿ ಮಾತ್ರ ಗಾಢವಾಗಿರುತ್ತದೆ. ಇದು ಮಣ್ಣಿನ ಗಿಡವಲ್ಲ. ಮರದ ಮೇಲೆ ಬೆಳೆಯುತ್ತದೆ. ಆದರೆ ನಮ್ಮ ಮಾವಿನ ಮರಗಳನ್ನು ಹಿಂಡುವ ಬದನಿಕೆಯಂತೆ ಮರದ ರಸ ಹೀರುವುದಿಲ್ಲ, ತೊಗಟೆಯ ಆಸರೆ ಪಡೆದು, ಮಳೆ ಮತ್ತು ಗಾಳಿಯ ತೇವದಿಂದ ಬದುಕುತ್ತದೆ.

ಅದರ ಬೇರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಣಗಿದ್ದಾಗ ಬೆಳ್ಳಿಯಂತೆ ಬಿಳಿಚಿಕೊಂಡಿರುವ ಬೇರಿನ ಮೇಲೆ ನಾಲ್ಕು ಹನಿ ನೀರು ಬಿದ್ದರೆ, ಕೆಲವೇ ಕ್ಷಣಗಳಲ್ಲಿ ಹನಿ ಬಿದ್ದ ಜಾಗದಿಂದ ಹಸಿರು ಬಣ್ಣ ಹರಡುತ್ತಾ ಹೋಗುತ್ತದೆ. ಬೇರಿನ ಸುತ್ತ ವೆಲಾಮೆನ್ ಎಂಬ ಸ್ಪಂಜಿನಂಥ ಪದರವಿದ್ದು, ಅದು ನೀರನ್ನು ತಟಕ್ಕನೆ ಹೀರಿ ಪಾರದರ್ಶಕವಾಗುವುದರಿಂದ ಒಳಗಿನ ಹಸಿರು ಕಾಣಿಸುತ್ತದೆ. ಗಿಡಕ್ಕೆ ನೀರು ಬೇಕೋ ಬೇಡವೋ ಎಂಬುದನ್ನು ಹೇಳುವ ಅತ್ಯಂತ ನಂಬಿಕೆಯ ಸೂಚನೆ ಇದೇ. ಆ ಪದರ ನೀರಿನಷ್ಟೇ ಗಾಳಿಯನ್ನೂ ಬೇಡುತ್ತದೆ. ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ.

ನಮ್ಮ ಬೀದಿಯಲ್ಲಿ ನಲವತ್ತು ವರ್ಷ ರೇಷ್ಮೆ ಸಾಕಿದ ಹಿರಿಯರೊಬ್ಬರು ನನ್ನ ಮೊದಲ ಗಿಡ ಸೊರಗಿದ್ದನ್ನು ನೋಡಿ, "ಬೇರು ನೆನೆಸಬ್ಯಾಡಿ ಮೇಷ್ಟ್ರೇ, ಗಾಳಿ ನೆನೆಸಿ" ಎಂದಿದ್ದರು. ಈ ಬರಹದ ಬಹುಪಾಲು ಆ ಒಂದು ಮಾತಿನ ವಿವರಣೆ.

ಗಿಡ ತರುವುದು

ಪ್ರಯೋಗಾಲಯದಲ್ಲಿ ಅಥವಾ ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಬೇಕು. ಎಲ್ಲ ಆರ್ಕಿಡ್‌ಗಳೂ ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಪ್ತಿಗೆ ಬರುತ್ತವೆ. ನಮ್ಮ ನಾಡಿನ ಕಾಡಿನಿಂದ ಕಿತ್ತು ತಂದ ಸೀತಾಳೆಯನ್ನು ರಸ್ತೆ ಬದಿಯಲ್ಲಿ ಮಾರುವವರಿಂದ ದಯವಿಟ್ಟು ಕೊಳ್ಳಬೇಡಿ. ಕಿತ್ತ ಗಿಡಗಳಲ್ಲಿ ಬದುಕುವವು ತೀರ ಕಡಿಮೆ, ಕಾಡಿಗಾದ ನಷ್ಟವಂತೂ ತುಂಬಿ ಬರುವುದಿಲ್ಲ. ಮೂರು ಗಟ್ಟಿ ಎಲೆ, ಗಾಯವಿಲ್ಲದ ಸುಳಿ, ಬೆರಳಿನಲ್ಲಿ ಒತ್ತಿದರೆ ಗಟ್ಟಿಯಾಗಿರುವ ಬೇರು ಇಷ್ಟನ್ನು ನೋಡಿದರೆ ಸಾಕು, ಹೂವಿನ ಸಂಖ್ಯೆಗೆ ಮರುಳಾಗಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಾರಾಟಕ್ಕೆ ಬರುವ ಗಿಡಗಳಲ್ಲಿ ಹಲವನ್ನು ಬಿಗಿಯಾಗಿ ಅದುಮಿದ ಪಾಚಿಯಲ್ಲಿ ನೆಟ್ಟಿರುತ್ತಾರೆ. ನನ್ನ ಮೊದಲ ಗಿಡವನ್ನು ಮಿಶ್ರಣ ಬದಲಿಸದೆ ಹಾಗೆಯೇ ಇಟ್ಟುಕೊಂಡೆ. ಮೇಲ್ಭಾಗ ಒಣಗಿದಂತೆ ಕಂಡಾಗಲೆಲ್ಲ ನೀರು ಹಾಕಿದೆ. ಮೂರು ತಿಂಗಳಲ್ಲಿ ಎಲೆಗಳು ಬಾಡಿ ಜೋತುಬಿದ್ದವು. ಕುಂಡದಿಂದ ಬಿಡಿಸಿ ನೋಡಿದರೆ ಬೇರುಗಳ ನಡುವೆ ನಿಂಬೆಹಣ್ಣಿನ ಗಾತ್ರದ ಪಾಚಿಯ ಉಂಡೆ, ಹಿಂಡಿದರೆ ನೀರು ಸುರಿಯುವಷ್ಟು ಒದ್ದೆಯಾಗಿತ್ತು. ಅದರ ಸುತ್ತಲಿನ ಬೇರುಗಳೆಲ್ಲ ನಾರಿನಂತಾಗಿದ್ದವು. ಬೇರು ಸತ್ತ ಗಿಡ ನೀರಿಲ್ಲದೆ ಬಾಡಿದಂತೆಯೇ ಕಾಣುತ್ತದೆ, ನಾವು ಇನ್ನಷ್ಟು ನೀರು ಹಾಕುತ್ತೇವೆ. ಆದ್ದರಿಂದ ಗಿಡ ತಂದ ಮೇಲೆ, ಹೂವಿದ್ದರೆ ಹೂ ಮುಗಿಯುವವರೆಗೆ ಕಾದು, ಇಲ್ಲದಿದ್ದರೆ ಎರಡು ವಾರಗಳೊಳಗೆ, ನಡುವಿನ ಆ ಉಂಡೆಯನ್ನು ನಿಧಾನವಾಗಿ ಬಿಡಿಸಿ ತೆಗೆದು ಹೊಸ ಮಿಶ್ರಣಕ್ಕೆ ಹಾಕಬೇಕು.

ಮೊದಲು ನೀರಿನ ವ್ಯವಸ್ಥೆ

ಬಹುತೇಕ ಮಾರ್ಗದರ್ಶಿಗಳು ಕುಂಡದಿಂದ ಆರಂಭಿಸುತ್ತವೆ. ನಮ್ಮ ಜಿಲ್ಲೆಗಳಲ್ಲಿ ನೀರಿನಿಂದ ಆರಂಭಿಸುವುದೇ ಸರಿ. ಸಾವಿರ ಅಡಿಗೂ ಆಳದ ಕೊಳವೆಬಾವಿಗಳಿಂದ ಬರುವ ನೀರು ಗಡಸು, ಹಲವೆಡೆ ಫ್ಲೋರೈಡ್ ಕೂಡ ಹೆಚ್ಚು. ನಮ್ಮ ಮನೆಯ ಕೊಳವೆಬಾವಿಯ ನೀರನ್ನು, ಕರಗಿದ ಲವಣಗಳ ಪ್ರಮಾಣ ತೋರಿಸುವ ಟಿಡಿಎಸ್ ಮೀಟರಿನಲ್ಲಿ ಅಳೆದಾಗ 1,100 ಪಿಪಿಎಂ ಇತ್ತು. ಆರ್ಕಿಡ್‌ಗೆ 200ಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು. ಗಡಸು ನೀರು ಬೇರಿನ ಪದರದಲ್ಲಿ ಉಪ್ಪನ್ನು ಕೂಡಿಸುತ್ತಾ ಹೋಗಿ ಬೇರಿನ ತುದಿಯನ್ನು ಸುಡುತ್ತದೆ. ಎಲೆಯ ಮೇಲೆ ಬಿಳಿ ಕಲೆ, ಕುಂಡದ ಅಂಚಿನಲ್ಲಿ ಉಪ್ಪಿನ ಪಟ್ಟೆ ಕಂಡರೆ ಅದು ಆಗಲೇ ಆರಂಭವಾಗಿದೆ ಎಂದರ್ಥ.

ಮಳೆನೀರಿಗಿಂತ ಉತ್ತಮವಾದುದಿಲ್ಲ. ಲೆಕ್ಕ ಸರಳವಾಗಿದೆ. ನೂರು ಚದರಡಿ ಚಾವಣಿ ಎಂದರೆ ಸುಮಾರು 9.3 ಚದರ ಮೀಟರು. ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೂ ಅದರಿಂದ 6,500 ಲೀಟರ್ ನೀರು ಇಳಿಯುತ್ತದೆ, ಹರಿದು ಆವಿಯಾಗಿ ಹೋಗುವುದನ್ನು ಕಳೆದರೂ 5,000 ಲೀಟರಿಗೆ ಕಡಿಮೆಯಿಲ್ಲ. ಹತ್ತು ಸಣ್ಣ ಕುಂಡಗಳಿಗೆ ಬೇಸಿಗೆಯಲ್ಲಿ ವಾರಕ್ಕೆ 20 ಲೀಟರ್ ಎಂದುಕೊಂಡರೆ, ಡಿಸೆಂಬರಿನಿಂದ ಮೇ ತಿಂಗಳವರೆಗಿನ 26 ವಾರಗಳಿಗೆ 520 ಲೀಟರ್ ಬೇಕು. ಅಂದರೆ ಮುಚ್ಚಳವಿರುವ 200 ಲೀಟರಿನ ಮೂರು ಡ್ರಮ್ಮುಗಳನ್ನು ಅಕ್ಟೋಬರಿನ ಹಿಂಗಾರು ಮಳೆಯಲ್ಲಿ ತುಂಬಿಸಿಟ್ಟರೆ ಒಣಗಾಲ ಕಳೆಯುತ್ತದೆ. ಮೊದಲ ಮಳೆಯ ನೀರು ಚಾವಣಿಯ ದೂಳನ್ನು ತರುವುದರಿಂದ ಅದನ್ನು ಹರಿಯಬಿಟ್ಟು ಎರಡನೆಯ ಮಳೆಯಿಂದ ಹಿಡಿಯಬೇಕು. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ ಸೊಳ್ಳೆ ತಡೆಯಬೇಕು. ಇದು ಸಾಧ್ಯವಿಲ್ಲದವರು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸಬಹುದು.

ಕುಂಡ ಮತ್ತು ಮಿಶ್ರಣ

ನಾಲ್ಕು ಅಂಗುಲದ ಮಣ್ಣಿನ ಕುಂಡ ಈ ಗಿಡಕ್ಕೆ ಸಾಕು; ದೊಡ್ಡ ಕುಂಡದ ನಡುಭಾಗ ಒಣಗುವುದೇ ಇಲ್ಲ. ಕುಂಬಾರರಿಗೆ ಹೇಳಿ, ಹಸಿಯಾಗಿರುವಾಗಲೇ ಪಕ್ಕಗಳಲ್ಲಿ ಬೆರಳು ತೂರುವಷ್ಟು ಆರೇಳು ತೂತು ಮಾಡಿಸಿಕೊಳ್ಳಿ. ಮಣ್ಣಿನ ಕುಂಡದ ಗೋಡೆಯಿಂದ ನೀರು ಆವಿಯಾಗುವಾಗ ಒಳಗೆ ತಂಪಾಗುತ್ತದೆ, ಏಪ್ರಿಲ್ ತಿಂಗಳಿನಲ್ಲಿ ಅದು ದೊಡ್ಡ ಉಪಕಾರ. ಮರದ ಹಲಗೆಗೆ ಕಟ್ಟಿ ಬೆಳೆಸುವ ಪದ್ಧತಿ ಕರಾವಳಿಗೆ ಚೆನ್ನ, ಇಲ್ಲಿ ಮಧ್ಯಾಹ್ನದೊಳಗೆ ಬೇರು ಬಿಳಿಚಿಕೊಳ್ಳುತ್ತದೆ. ದಿನಕ್ಕೆರಡು ಬಾರಿ ನೀರು ಚಿಮುಕಿಸಲು ಮನೆಯಲ್ಲಿ ಯಾರಾದರೂ ಇದ್ದರೆ ಮಾತ್ರ ಅದಕ್ಕೆ ಕೈಹಾಕಬಹುದು.

ಮಿಶ್ರಣಕ್ಕೆ ಬೇಕಾದುದೆಲ್ಲ ನಮ್ಮ ಸುತ್ತಲೇ ಸಿಗುತ್ತದೆ: ತಿಪಟೂರು ಕಡೆಯ ತೆಂಗಿನಕಾಯಿ ಮಟ್ಟೆ, ಜಾಲಿಯ ಇದ್ದಿಲು, ಹಳೆಯ ಮಂಗಳೂರು ಹೆಂಚಿನ ಚೂರು. ಮಟ್ಟೆಯನ್ನು ಹುಣಸೆ ಬೀಜದಷ್ಟು ಅಥವಾ ಅದಕ್ಕಿಂತ ತುಸು ದೊಡ್ಡ ತುಂಡುಗಳಾಗಿ ಕತ್ತರಿಸಿ ಬಕೆಟ್ಟಿನಲ್ಲಿ ನೆನೆಹಾಕಬೇಕು. ಮೊದಲ ದಿನದ ನೀರು ಚಹಾದ ಕಷಾಯದಂತೆ ಕಂದಾಗಿರುತ್ತದೆ. ಅದರಲ್ಲಿ ಉಪ್ಪಿನಂಶ ಮತ್ತು ಒಗರು ಇರುವುದರಿಂದ ದಿನವೂ ನೀರು ಚೆಲ್ಲಿ ಹೊಸ ನೀರು ತುಂಬಿಸುತ್ತಾ, ನೀರು ತಿಳಿಯಾಗುವವರೆಗೆ ನಾಲ್ಕೈದು ದಿನ ಹೀಗೆಯೇ ಮಾಡಬೇಕು. ಈ ಕೆಲಸದಲ್ಲಿ ಅವಸರ ಮಾಡಿದವರ ಗಿಡಗಳಲ್ಲಿ ಹೊಸ ಬೇರಿನ ತುದಿ ಕಪ್ಪಾಗಿದ್ದನ್ನು ನೋಡಿದ್ದೇನೆ. ಇದ್ದಿಲನ್ನೂ ಹೆಂಚಿನ ಚೂರನ್ನೂ ದೂಳು ಹೋಗುವಂತೆ ತೊಳೆದು, ಮಟ್ಟೆ ಎರಡು ಪಾಲು, ಇದ್ದಿಲು ಎರಡು ಪಾಲು, ಹೆಂಚು ಒಂದು ಪಾಲು ಬೆರೆಸಿಕೊಳ್ಳಿ. ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪಿಟ್ ಪುಡಿ ಯಾವುದನ್ನೂ ಸೇರಿಸಬಾರದು.

ನೆಡುವ ಮುನ್ನ ಮೆತ್ತಗಾದ, ಟೊಳ್ಳಾದ ಬೇರುಗಳನ್ನು ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ತೆಗೆಯಿರಿ. ಒಂದು ಗಿಡಕ್ಕೆ ಬಳಸಿದ ಕತ್ತರಿಯನ್ನು ಮತ್ತೆ ಸುಡದೆ ಇನ್ನೊಂದಕ್ಕೆ ಮುಟ್ಟಿಸಬಾರದು, ಆರ್ಕಿಡ್‌ನ ನಂಜುರೋಗಗಳು ರಸದ ಮೂಲಕವೇ ದಾಟುತ್ತವೆ, ಅವಕ್ಕೆ ಮದ್ದಿಲ್ಲ. ಕುಂಡದ ತಳದಲ್ಲಿ ದೊಡ್ಡ ಹೆಂಚಿನ ಚೂರು ಹರಡಿ, ಗಿಡವನ್ನು ತುಸು ವಾಲಿಸಿ ಹಿಡಿದು, ಬೇರುಗಳ ಸುತ್ತ ಮಿಶ್ರಣ ಸುರಿದು ಕುಂಡವನ್ನು ಮೆಲ್ಲಗೆ ತಟ್ಟಿ, ಬೆರಳಿನಿಂದ ಅದುಮಬೇಡಿ. ಕೆಳಗಿನ ಎಲೆಯ ಬುಡ ಮಿಶ್ರಣದ ಮಟ್ಟಕ್ಕಿರಬೇಕು, ಹೂತುಹೋಗಬಾರದು. ವಾಲಿಸುವುದಕ್ಕೆ ಕಾರಣವಿದೆ: ಕಾಡಿನಲ್ಲಿ ಈ ಗಿಡ ಮರದ ಪಕ್ಕದಿಂದ ಜೋತುಬಿದ್ದಂತೆ ಬೆಳೆಯುವುದರಿಂದ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಗಿಡ ಅಲುಗಾಡದಂತೆ ಒಂದು ಬಿದಿರು ಕಡ್ಡಿಗೆ ಕಟ್ಟಿ, ನಾಲ್ಕು ದಿನ ನೀರು ಹಾಕದೆ ಗಾಯ ಒಣಗಲು ಬಿಡಬೇಕು. ಈ ಎಲ್ಲ ಕೆಲಸಕ್ಕೆ ಜೂನ್–ಜುಲೈ ಸರಿಯಾದ ಕಾಲ, ಎರಡು ವರ್ಷಕ್ಕೊಮ್ಮೆ ಮಾಡಿದರೆ ಸಾಕು.

ನೆರಳು

ಬೆಳಕನ್ನು ಅಳೆಯುವ ಮಾನ ಲಕ್ಸ್; ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಈ ಗಿಡಕ್ಕೆ ಬೇಕಾದುದು 10,000ದಿಂದ 15,000. ತರಕಾರಿ ಬೆಳೆಗಾರರು ಬಳಸುವ ಶೇ. 75ರ ನೆರಳು ಪರದೆಯೊಂದೇ ಆದರೆ 25,000 ಉಳಿಯುತ್ತದೆ, ಅದು ಹೆಚ್ಚು. ಅದರ ಕೆಳಗೆ ಒಂದು ಅಡಿ ಬಿಟ್ಟು ಶೇ. 50ರ ಇನ್ನೊಂದು ಪರದೆ ಕಟ್ಟಿದರೆ 12,500ಕ್ಕೆ ಇಳಿಯುತ್ತದೆ. ಹೊಂಗೆಮರದ ನೆರಳು ಕೂಡ ಒಳ್ಳೆಯದೇ, ಆದರೆ ಬೇಸಿಗೆಯ ಮೊದಲಲ್ಲಿ ಅದು ಎಲೆ ಉದುರಿಸುವ ವಾರಗಳಲ್ಲಿ ಗಿಡ ಸುಟ್ಟುಹೋಗದಂತೆ ನೋಡಿಕೊಳ್ಳಬೇಕು. ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿದಾಗ ಅಂಚು ಮಸುಕಾದ ನೆರಳು ಬಿದ್ದರೆ ಬೆಳಕು ಸರಿಯಾಗಿದೆ. ಕಡು ಹಸಿರಾಗಿ ಮೆತ್ತಗಾದ ಎಲೆ ಬೆಳಕು ಸಾಲದೆಂಬುದನ್ನೂ, ಹಳದಿಗೆ ತಿರುಗಿದ ಎಲೆ ಬಿಸಿಲು ಹೆಚ್ಚೆಂಬುದನ್ನೂ ಹೇಳುತ್ತದೆ.

ಗಾಳಿ ನೆನೆಸುವುದು

ಹಿರಿಯರ ಮಾತಿಗೆ ಈಗ ಬರುತ್ತೇನೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಗೋಡೆಗೆ ಎರಡು ಕಡ್ಡಿಯ ಉಷ್ಣಮಾಪಕ ತೂಗುಹಾಕಿರುತ್ತಾರೆ. ಒಂದರ ಬುಡ ಒಣಗಿರುತ್ತದೆ, ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಗಾಳಿ ಒಣಗಿದ್ದಷ್ಟೂ ಒದ್ದೆ ಕಡ್ಡಿ ಹೆಚ್ಚು ತಣ್ಣಗಾಗಿ ಎರಡರ ಅಂತರ ಹಿಗ್ಗುತ್ತದೆ. 28 ಡಿಗ್ರಿಯ ಆಸುಪಾಸಿನಲ್ಲಿ ಅಂತರ ಮೂರರಿಂದ ಐದು ಡಿಗ್ರಿ ಇದ್ದರೆ ತೇವಾಂಶ ಶೇ. 65ರಿಂದ 80ರಷ್ಟಿದೆ ಎಂದು ತಿಳಿಯಬಹುದು, ಫಲೆನಾಪ್ಸಿಸ್‌ಗೆ ಬೇಕಾದುದೂ ಅಷ್ಟೇ. ಹತ್ತು ಡಿಗ್ರಿ ಅಂತರವೆಂದರೆ ಅರ್ಧಕ್ಕಿಂತ ಕೆಳಗೆ. ಮಾರ್ಚ್ ತಿಂಗಳಿನ ಮಧ್ಯಾಹ್ನ ನಮ್ಮ ಜಗುಲಿಯಲ್ಲಿ ಇದು ಸಾಮಾನ್ಯ.

ಪರಿಹಾರವೂ ಸಾಕಣೆ ಮನೆಯದೇ. ಕುಂಡಗಳ ಕೆಳಗೆ ಅಗಲವಾದ ತಟ್ಟೆಯಲ್ಲಿ ಎರಡು ಅಂಗುಲ ಮರಳು ಹರಡಿ ಸದಾ ಒದ್ದೆಯಾಗಿಡಿ. ಕುಂಡ ಮರಳಿಗೆ ತಾಗದಂತೆ ನಡುವೆ ಇಟ್ಟಿಗೆ ಇರಲಿ. ಬಿಸಿಗಾಳಿ ಬರುವ ದಿಕ್ಕಿಗೆ ಗೋಣಿಚೀಲ ಇಳಿಬಿಟ್ಟು ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ನೆನೆಸಿ. ಇದಕ್ಕೆ ಕೊಳವೆಬಾವಿಯ ನೀರು ಸಾಕು, ಅದು ಗಿಡಕ್ಕೆ ಮುಟ್ಟುವುದಿಲ್ಲವಲ್ಲ. ನಾನು ಕೆಲಸಕ್ಕೆ ಬಾರದ ಒಂದು ಹಳೆಯ ಬಿದಿರು ಚಂದ್ರಿಕೆಯನ್ನು (ರೇಷ್ಮೆ ಹುಳು ಗೂಡು ಕಟ್ಟುವ ಚಾಪೆ) ಗೋಡೆಗೆ ಆನಿಸಿ, ಅದರ ಮೇಲೆ ಗೋಣಿ ಹೊದಿಸಿದ್ದೇನೆ. ಕುಂಡಗಳನ್ನು ಗುಂಪಾಗಿ ಇಟ್ಟರೆ ಒಂದರ ತೇವ ಇನ್ನೊಂದಕ್ಕೆ ಆಗುತ್ತದೆ. ಆದರೆ ಗಾಳಿಯ ಓಡಾಟ ನಿಲ್ಲಬಾರದು; ತೇವವಿದ್ದು ಗಾಳಿ ಆಡದಿದ್ದರೆ ಕೊಳೆರೋಗವನ್ನು ಕೈಯಾರೆ ಕರೆದಂತೆ.

ಈ ಗಿಡದ ಪತ್ರರಂಧ್ರಗಳು ಹಗಲಿನಲ್ಲಿ ಮುಚ್ಚಿದ್ದು ರಾತ್ರಿ ತೆರೆದುಕೊಳ್ಳುತ್ತವೆ, ಇಂಗಾಲದ ಡೈಆಕ್ಸೈಡನ್ನು ಅದು ರಾತ್ರಿಯಲ್ಲೇ ಸಂಗ್ರಹಿಸುತ್ತದೆ. ಅನಾನಸ್ ಮತ್ತು ಪಾಪಸುಕಳ್ಳಿಗಳದ್ದೂ ಇದೇ ಕ್ರಮ. 2015ರಲ್ಲಿ ಪ್ರಕಟವಾದ ಇದರ ಜೀನೋಮ್ (ಸಂಪೂರ್ಣ ವಂಶವಾಹಿ ನಕ್ಷೆ), ಇಂಥ ಕ್ರಮದ ಸಸ್ಯವೊಂದರ ಮೊದಲ ಜೀನೋಮ್ ಕೂಡ ಆಗಿತ್ತು. ಬೆಳೆಗಾರರಿಗೆ ಇದರ ಅರ್ಥವಿಷ್ಟೆ: ಬೇಸಿಗೆಯಲ್ಲಿ ಮರಳಿನ ತಟ್ಟೆ ರಾತ್ರಿಯೂ ಒದ್ದೆಯಾಗಿರಲಿ, ಎಲೆ ಮಾತ್ರ ಒಣಗಿರಲಿ.

ನೀರು ಮತ್ತು ಗೊಬ್ಬರ

ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಕುಂಡದ ತೂತಿನಿಂದ ಇಣುಕಿ ಬೇರಿನ ಬಣ್ಣ ನೋಡಿ. ಬಿಳಿಚಿದ್ದರೆ ನೀರು, ಹಸಿರಾಗಿದ್ದರೆ ನಾಳೆ. ಏಪ್ರಿಲ್–ಮೇನಲ್ಲಿ ಇದು ಬಹುತೇಕ ದಿನ ಬಿಟ್ಟು ದಿನ ಆಗುತ್ತದೆ, ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ, ಚಳಿಯಲ್ಲಿ ವಾರಕ್ಕೆ ಒಮ್ಮೆ. ಹಾಕುವಾಗ ಕೆಳಗಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಬೇಕು, ಚಮಚದ ಲೆಕ್ಕ ಬೇಡ. ಸುಳಿಯಲ್ಲಿ ನೀರು ನಿಂತರೆ ಹತ್ತಿಯ ತುದಿಯಿಂದ ಹೀರಿಸಿ ತೆಗೆಯಿರಿ.

ಹನಿ ನೀರಾವರಿಗೆ ಬಳಸುವ 19:19:19 ಗೊಬ್ಬರವೇ ಇಲ್ಲಿಯೂ ಆಗುತ್ತದೆ, ಪ್ರಮಾಣ ಮಾತ್ರ ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಟೊಮೆಟೊಗೆ ಕೊಡುವ ಅಳತೆ ಇಲ್ಲಿ ವಿಷ. ಮಳೆನೀರಿನಲ್ಲಿ ಸುಣ್ಣದಂಶ ಇಲ್ಲದಿರುವುದರಿಂದ ತಿಂಗಳಿಗೊಂದು ವಾರ 19:19:19ರ ಬದಲು ಕ್ಯಾಲ್ಸಿಯಂ ನೈಟ್ರೇಟನ್ನು ಲೀಟರಿಗೆ 0.3 ಗ್ರಾಂನಂತೆ ಕೊಡಿ; ಎರಡನ್ನೂ ಒಟ್ಟಿಗೆ ಬೆರೆಸಿದರೆ ರಂಜಕ ಗರಣೆಗಟ್ಟಿ ತಳ ಸೇರುತ್ತದೆ. ಇನ್ನೊಂದು ವಾರ ಬರಿಯ ನೀರಿನಲ್ಲಿ ಕುಂಡವನ್ನು ಚೆನ್ನಾಗಿ ತೊಳೆಯಬೇಕು. ಒಣಗಿದ ಬೇರಿಗೆ ಗೊಬ್ಬರ ತಾಗಬಾರದು, ಮೊದಲು ನೀರು, ಆಮೇಲೆ ಗೊಬ್ಬರ.

ಚಳಿಗಾಲ ಮತ್ತು ಹೂದಂಟು

ಡಿಸೆಂಬರ್–ಜನವರಿಯ ರಾತ್ರಿ ಇಲ್ಲಿ 15 ಡಿಗ್ರಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. 18ಕ್ಕಿಂತ ಕೆಳಗೆ ಈ ಗಿಡಕ್ಕೆ ಕಷ್ಟ. ರಾತ್ರಿ ಎಂಟರ ಹೊತ್ತಿಗೆ ಕುಂಡಗಳನ್ನು ಒಳಗೆ ತಂದು, ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಗಿಡುವುದು ಸುಲಭದ ದಾರಿ. ಒಳಗೂ ತಣ್ಣನೆಯ ನೆಲದ ಮೇಲೆ ಇಡದೆ ಮೇಜಿನ ಮೇಲಿಡಿ. ಆದರೆ ಅಕ್ಟೋಬರ್–ನವೆಂಬರಿನ ಹದವಾದ ತಂಪನ್ನು ತಪ್ಪಿಸಬಾರದು. ಹಗಲು 25 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ವಾರ ನಿಂತಾಗಲೇ ಫಲೆನಾಪ್ಸಿಸ್‌ಗಳು ಹೂದಂಟು ಹೊರಡಿಸುತ್ತವೆ. ಬಯಲುಸೀಮೆಯ ಹವೆ ಈ ಗಿಡಕ್ಕೆ ಪುಕ್ಕಟೆಯಾಗಿ ಕೊಡುವ ವರವಿದು.

ಎಲೆಯ ಕಂಕುಳಿನಿಂದ ಹೊರಟ ಮೊಳಕೆ ಬೇರೋ ಹೂದಂಟೋ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಬೇರಿನ ತುದಿ ದುಂಡಗೆ, ನುಣುಪಾಗಿ ಹೊಳೆಯುತ್ತದೆ; ಹೂದಂಟಿನ ತುದಿ ಚಪ್ಪಟೆಯಾಗಿ, ಒಂದರ ಮೇಲೊಂದು ಸಿಪ್ಪೆ ಮಡಿಸಿದಂತಿದ್ದು ಮೇಲಕ್ಕೆ ನೋಡುತ್ತದೆ. ಅದು ಖಚಿತವಾದ ಮೇಲೆ ಕುಂಡದ ದಿಕ್ಕನ್ನು ಬದಲಿಸಬೇಡಿ, ಇಲ್ಲದಿದ್ದರೆ ದಂಟು ಬೆಳಕಿನತ್ತ ತಿರುಗುತ್ತಾ ಸೊಟ್ಟಗಾಗುತ್ತದೆ. ಈ ಪ್ರಭೇದದಲ್ಲಿ ಹೂಗಳು ಒಟ್ಟಿಗೆ ಅರಳದೆ, ತುದಿ ಬೆಳೆಯುತ್ತಾ ಹೋದಂತೆ ಒಂದೊಂದಾಗಿ ತಿಂಗಳುಗಟ್ಟಲೆ ಅರಳುತ್ತವೆ. ಆದ್ದರಿಂದ ಹೂ ಮುಗಿಯಿತೆಂದು ಹಸಿರಿರುವ ದಂಟನ್ನು ಕತ್ತರಿಸಬಾರದು, ಅದೇ ದಂಟು ಮತ್ತೆ ಕವಲೊಡೆಯಬಹುದು.

ರೋಗ, ಕೀಟ

ತೆಂಗು ಬೆಳೆಯುವವರಿಗೆ ಸುಳಿ ಕೊಳೆ ಎಂದರೆ ಏನೆಂದು ವಿವರಿಸಬೇಕಿಲ್ಲ. ಇಲ್ಲಿಯೂ ಅದೇ ದೊಡ್ಡ ಶತ್ರು. ನಡುವಿನ ಎಲೆ ಬುಡದಲ್ಲಿ ನೀರುಗಟ್ಟಿ ಎಳೆದರೆ ಕೈಗೆ ಬಂದರೆ, ಕೊಳೆತದ್ದನ್ನೆಲ್ಲ ತೆಗೆದು, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ, ಗಾಳಿಯಾಡುವಲ್ಲಿ ಒಣಗಿಸಬೇಕು. ದಾಲ್ಚಿನ್ನಿ ಬೇರಿಗೆ ಬೀಳಬಾರದು, ಬೇರನ್ನೂ ಒಣಗಿಸಿಬಿಡುತ್ತದೆ. ಸುಳಿ ಸತ್ತರೂ ಬುಡದಿಂದ ಹೊಸ ಚಿಗುರು ಬರುವ ಸಾಧ್ಯತೆಯಿರುವುದರಿಂದ ಆರು ತಿಂಗಳಾದರೂ ಕಾಯಿರಿ.

ಹಿಟ್ಟು ತಿಗಣೆ ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕೂರುತ್ತದೆ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆ, ವಾರ ಬಿಟ್ಟು ಮತ್ತೊಮ್ಮೆ ಒರೆಸಿ. ಬಸವನ ಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಉತ್ತಮ. ಕೀಟನಾಶಕ ಸಿಂಪಡಣೆಯ ಮಾತು ಬಂದಾಗ ನಮ್ಮ ತಾಲ್ಲೂಕಿನವರು ಒಂದನ್ನು ಮರೆಯಬಾರದು. ಪಕ್ಕದಲ್ಲಿ ಹಿಪ್ಪುನೇರಳೆ ತೋಟವೋ ಹುಳು ಮನೆಯೋ ಇದ್ದರೆ ಗಾಳಿಯಲ್ಲಿ ತೇಲಿಹೋದ ಒಂದಿಷ್ಟು ಔಷಧಿ ಒಂದು ಕುಟುಂಬದ ಇಡೀ ಬೆಳೆಯನ್ನು ಕೊಲ್ಲಬಲ್ಲದು. ಬೇವಿನ ಎಣ್ಣೆ ಕೂಡ ರೇಷ್ಮೆ ಹುಳುವಿಗೆ ಆಗದು. ಹತ್ತು ಕುಂಡಗಳಿಗೆ ಹತ್ತಿ ಮತ್ತು ತಾಳ್ಮೆ ಸಾಕಾಗುತ್ತದೆ.

ಕಂದು ಬೇರ್ಪಡಿಸುವುದು

ಈ ಪುಟ್ಟ ಪ್ರಭೇದ ಬೇರೆ ಹಲವು ಫಲೆನಾಪ್ಸಿಸ್‌ಗಳಿಗಿಂತ ಉದಾರಿ, ಹಳೆಯ ಹೂದಂಟಿನ ಗೆಣ್ಣಿನಲ್ಲಿ ತಾನಾಗಿಯೇ ಮರಿಗಿಡ ಹಾಕುತ್ತದೆ. ಆರ್ಕಿಡ್ ಬೆಳೆಗಾರರು ಇದಕ್ಕೆ ಕೇಕಿ ಎನ್ನುತ್ತಾರೆ, ಹವಾಯಿ ಭಾಷೆಯಲ್ಲಿ ಅದರ ಅರ್ಥ ಮಗು. ಬಾಳೆಯ ಬುಡದ ಮರಿಗೆ ಕಂದು ಎನ್ನುವ ನಮಗೆ ಆ ಹೆಸರನ್ನು ಹೊರಗಿನಿಂದ ತರುವ ಅಗತ್ಯವಿಲ್ಲ.

ಕಂದು ಕಂಡೊಡನೆ ಕೀಳುವ ಆತುರ ಬೇಡ. ಮೂರು ಎಲೆ ಬಂದು, ಎರಡು ಮೂರು ಬೇರುಗಳು ತಲಾ ಐದು ಸೆಂ.ಮೀ. ಉದ್ದವಾಗುವವರೆಗೆ ಅದು ತಾಯಿಯ ಮೇಲೆಯೇ ಇರಲಿ. ಇದಕ್ಕೆ ಕೆಲವೊಮ್ಮೆ ಎಂಟು ತಿಂಗಳೂ ಹಿಡಿಯುತ್ತದೆ. ಅಲ್ಲಿಯವರೆಗೆ ಅದರ ಬೇರಿಗೆ ದಿನವೂ ಬೆಳಿಗ್ಗೆ ಮಳೆನೀರನ್ನು ನಯವಾಗಿ ಚಿಮುಕಿಸಿ. ಜೂನ್ ತಿಂಗಳಿನ ಮೋಡದ ದಿನವೊಂದನ್ನು ಆರಿಸಿ, ಸುಟ್ಟು ಆರಿಸಿದ ಬ್ಲೇಡಿನಿಂದ ಕಂದಿನ ಎರಡೂ ಬದಿಗೆ ಎರಡು ಸೆಂ.ಮೀ. ದಂಟು ಉಳಿಯುವಂತೆ ಕತ್ತರಿಸಿ, ಕತ್ತರಿಸಿದ ತುದಿಗಳಿಗೆ ದಾಲ್ಚಿನ್ನಿ ಪುಡಿ ಒತ್ತಿ. ಗಾಳಿಯಲ್ಲಿ ಬೆಳೆದ ಬೇರು ಪೆಡಸಾಗಿರುತ್ತದೆ. ಅರ್ಧ ಗಂಟೆ ನೀರಿನಲ್ಲಿ ನೆನೆಸಿದರೆ ಮುರಿಯದೆ ಬಾಗುತ್ತದೆ. ಎರಡೂವರೆ ಅಂಗುಲದ ಕುಂಡದಲ್ಲಿ ಅದೇ ಮಿಶ್ರಣವನ್ನು, ತುಂಡುಗಳನ್ನು ಇನ್ನಷ್ಟು ಸಣ್ಣದಾಗಿಸಿ, ತುಂಬಿ ನೆಟ್ಟು, ಬೇರಿನ ಬುಡದ ಸುತ್ತ ಮಾತ್ರ ಒಂದು ಚಿಟಿಕೆ ಸ್ಫ್ಯಾಗ್ನಮ್ ಪಾಚಿ ಸಡಿಲವಾಗಿ ಇಡಿ. ಮೊದಲ ತಿಂಗಳು ತಾಯಿಗಿಡಕ್ಕಿಂತ ತುಸು ಹೆಚ್ಚು ನೆರಳಿನಲ್ಲಿಟ್ಟು, ಹೊಸ ಬೇರಿನ ಹಸಿರು ತುದಿ ಕಂಡ ಮೇಲಷ್ಟೇ ಗೊಬ್ಬರವನ್ನು ಕಾಲು ಪ್ರಮಾಣದಿಂದ ಆರಂಭಿಸಿ.